ಹಾಯಿಹಡಗಿನ ಸಂಸಾರವೂ ಮಳೆಗಾಲದ ಲಂಗರೂ



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಆತ ಮಧುಮೇಹದ ಕುರಿತೋ ರಕ್ತದೊತ್ತಡದ ಕುರಿತೋ ಮಾತನಾಡುತ್ತಾನೆಂಬುದು ವಾಡಿಕೆಯ ನಿರೀಕ್ಷೆ. ಇಂದು ನಾನು ಹಾಯಿಹಡಗುಗಳ ವಿಷಯವನ್ನು ಎತ್ತಿಕೊಂಡಿದ್ದೇನೆ. ಸಂಸಾರ ಹೂಡಿಕೊಂಡು ಹಡಗಿನಲ್ಲಿ ವಾಸಿಸುವವರು ವರ್ಷದ ಕೆಟ್ಟ ಋತುವನ್ನು ಕಳೆಯಲು ಎಲ್ಲಿ ಲಂಗರು ಹಾಕುತ್ತಾರೆ, ಆ ಸ್ಥಳವನ್ನು ಹೇಗೆ ಹುಡುಕುತ್ತಾರೆ, ಹಾಗೆ ಹುಡುಕಿದ ತಾಣದಲ್ಲಿ ಅವರ ದೇಹಾರೋಗ್ಯ ಏನಾಗುತ್ತದೆ ಎಂಬುದು ನನ್ನ ವಿಷಯ. ಕಡೆಯ ಭಾಗದಲ್ಲಿ ವೈದ್ಯಕೀಯ ಬಂದೇ ಬರುತ್ತದೆ. ಅಷ್ಟರಮಟ್ಟಿಗೆ ನಿಮ್ಮ ನಿರೀಕ್ಷೆ ಹುಸಿಯಾಗದು.

ದುಬೈ ಖೋರಿನ ದೇರಾ ದಂಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತ ಮರದ ಹಡಗುಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಹಿಂಭಾಗದಲ್ಲಿ ಒಣಹಾಕಿದ ಲುಂಗಿ, ಒಲೆಯ ಮೇಲೆ ಕುದಿಯುವ ಅನ್ನ, ಮೂಲೆಯಲ್ಲೊಂದು ಬಕೆಟ್ಟು. ಅದೊಂದು ಮನೆಯಂತೆಯೇ ಕಾಣುತ್ತದೆ. ಆದರೆ ಅಲ್ಲಿ ಹೆಂಗಸರಿಲ್ಲ, ಮಕ್ಕಳಿಲ್ಲ. ಈ ಕೊಲ್ಲಿಯ ಹಡಗುಗಳಲ್ಲಿ ನಾವಿಕನ ಸಂಸಾರ ದಡದಲ್ಲಿಯೇ ಉಳಿಯುವುದು ರೂಢಿ. ಇನ್ನು ಕೆಲವು ಜನಾಂಗಗಳಲ್ಲಿ ಸಂಸಾರವೇ ಹಡಗನ್ನೇರಿತು. ಹೀಗೇಕೆಂಬುದನ್ನು ವಿಚಾರಿಸುತ್ತ ಹೋದರೆ ಗಾಳಿಯ ಕ್ಯಾಲೆಂಡರಿನ ಬಳಿಗೆ ಬಂದು ನಿಲ್ಲುತ್ತೇವೆ.

ಮೊದಲು ‘ಚಳಿಗಾಲ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯುರೋಪಿನ ನಾವಿಕನಿಗೆ ಚಳಿಗಾಲವೆಂದರೆ ಸಮುದ್ರ ಮುಚ್ಚುವ ಕಾಲ. ನಮ್ಮ ಕರಾವಳಿಯಲ್ಲಿ ಸಮುದ್ರ ಮುಚ್ಚುವುದು ಮಳೆಗಾಲದಲ್ಲಿ. 16ನೆಯ ಶತಮಾನದಲ್ಲಿ ಗೋವೆಗೆ ಬಂದ ಪೋರ್ಚುಗೀಸರು ನಮ್ಮ ಜೂನ್–ಆಗಸ್ಟ್ ತಿಂಗಳುಗಳನ್ನು ತಮ್ಮ ಭಾಷೆಯಲ್ಲಿ ‘ಇನ್ವೆರ್ನೊ’, ಅಂದರೆ ಚಳಿಗಾಲ, ಎಂದೇ ಕರೆದರು. ಬೆವರು ಸುರಿಯುತ್ತಿದ್ದರೂ ಅವರ ಲೆಕ್ಕದಲ್ಲಿ ಅದು ಚಳಿಗಾಲವೇ, ಏಕೆಂದರೆ ಹಡಗು ಲಂಗರು ಬಿಡುವಂತಿಲ್ಲ. ಅರಬ್ಬರ ‘ಮೌಸಿಮ್’ ಎಂಬ ಶಬ್ದಕ್ಕೆ ಮೂಲದಲ್ಲಿ ನಿಗದಿಯಾದ ಕಾಲ, ಹಂಗಾಮು ಎಂಬ ಅರ್ಥವೇ ಹೊರತು ಮಳೆ ಎಂಬ ಅರ್ಥವಿಲ್ಲ. ಇಂಗ್ಲಿಷಿನ ‘ಮಾನ್ಸೂನ್’ ಹುಟ್ಟಿದ್ದು ಅದರಿಂದಲೇ. ಮಳೆಯನ್ನು ನೆಲದ ಮೇಲೆ ನಿಂತ ರೈತ ನೋಡಿದ. ನಾವಿಕ ನೋಡಿದ್ದು ಗಾಳಿಯನ್ನು.

ಈ ಕ್ಯಾಲೆಂಡರನ್ನು ಬಹು ಸೂಕ್ಷ್ಮವಾಗಿ ಬರೆದಿಟ್ಟವನು ನಮ್ಮ ನೆರೆಯವನೇ. ಇಂದಿನ ರಾಸ್ ಅಲ್ ಖೈಮಾ ಪ್ರದೇಶದಲ್ಲಿದ್ದ ಜುಲ್ಫಾರ್ ಪಟ್ಟಣದ ಅಹ್ಮದ್ ಇಬ್ನ್ ಮಾಜಿದ್ 15ನೆಯ ಶತಮಾನದ ಕೊನೆಯ ಭಾಗದಲ್ಲಿ, ಸುಮಾರು 1490ರಲ್ಲಿ, ನೌಕಾಯಾನದ ತತ್ತ್ವಗಳನ್ನು ಕುರಿತ ಒಂದು ದೊಡ್ಡ ಗ್ರಂಥವನ್ನು ಬರೆದನು. ಪರ್ಷಿಯನ್ ಹೊಸವರ್ಷದಿಂದ ದಿನಗಳನ್ನು ಎಣಿಸಿ, ಇಂಥ ದಿನದೊಳಗೆ ಇಂಥ ಬಂದರಿನಿಂದ ಹೊರಟರೆ ತಲುಪುವೆ, ಇಲ್ಲವಾದರೆ ಕೆಡುವೆ ಎಂದು ಆತ ಲೆಕ್ಕ ಕೊಡುತ್ತಾನೆ. ನೈಋತ್ಯ ಮಾರುತದ ನಟ್ಟನಡುವಿನ ಸುಮಾರು ಮೂರು ತಿಂಗಳು ಹಿಂದೂಸ್ಥಾನದ ಪಶ್ಚಿಮ ಕರಾವಳಿಗೆ ಬೀಗ ಬಿದ್ದಂತೆ. ಆತನ ಪರಿಭಾಷೆಯಲ್ಲಿ ಅದು ‘ಸಮುದ್ರ ಮುಚ್ಚಿದ ಕಾಲ’. (ವಾಸ್ಕೊ ಡ ಗಾಮನಿಗೆ ಕಲ್ಲಿಕೋಟೆಯ ದಾರಿ ತೋರಿಸಿದವನು ಇದೇ ಇಬ್ನ್ ಮಾಜಿದ್ ಎಂದು ಬಹುಕಾಲ ಹೇಳುತ್ತಿದ್ದರು. ಇತಿಹಾಸಕಾರರಲ್ಲಿ ಹೆಚ್ಚಿನವರು ಇಂದು ಅದನ್ನು ಒಪ್ಪುವುದಿಲ್ಲ. ಒಳ್ಳೆಯ ಮನುಷ್ಯನ ತಲೆಗೆ ಸುಮ್ಮನೆ ಒಂದು ಅಪವಾದವನ್ನು ಕಟ್ಟಿದಂತಾಗಿತ್ತು.)

ಬೀಗ ಬೀಳುವುದೆಂದರೆ ಏನು? ನಮ್ಮ ಕಾರವಾರದಿಂದ ಮಂಗಳೂರಿನವರೆಗಿನ ದಡವನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಹಳೆಯ ಬಂದರುಗಳು ಹೊಳೆಯ ಅಳಿವೆಯಲ್ಲಿವೆ: ತದಡಿ, ಹೊನ್ನಾವರ, ಗಂಗೊಳ್ಳಿ, ಹಂಗಾರಕಟ್ಟೆ; ನೇತ್ರಾವತಿ ಮತ್ತು ಫಲ್ಗುಣಿಯ ಸಂಗಮದಲ್ಲಿರುವ ಮಂಗಳೂರಿನ ಹಳೆಯ ಬಂದರು. ಅಳಿವೆಯ ಒಳಗೆ ನೀರು ಕೊಳದಂತೆ ಶಾಂತ. ಆದರೆ ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬವಿರುತ್ತದೆ. ಹೊರಗಿನಿಂದ ಬರುವ ಮಳೆಗಾಲದ ಉಬ್ಬು ಆ ದಿಬ್ಬದ ಮೇಲೆ ಕಾಲೆಡವಿ ಮುರಿದು ಬೀಳುತ್ತದೆ. ಒಳಗಿನಿಂದ ಹೊಳೆಯ ಪ್ರವಾಹ ನುಗ್ಗುತ್ತದೆ. ಇವೆರಡರ ಮಧ್ಯೆ ಸಿಕ್ಕಿದ ಮಂಜಿಯು ಅಡ್ಡ ತಿರುಗಿತೆಂದರೆ ಮುಗಿಯಿತು. ಆದ್ದರಿಂದ ದಿಬ್ಬ ಮುಚ್ಚುವ ಮುನ್ನವೇ ಒಳಗೆ ಸೇರಿ, ಹಾಯಿ ಬಿಚ್ಚಿ, ಮಡಲಿನ ಚಪ್ಪರ ಹೊದಿಸಿ ಕೂರಬೇಕು. ಶ್ರಾವಣದ ಹುಣ್ಣಿಮೆಯಂದು ಮೊಗವೀರರು ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಒಪ್ಪಿಸುವುದು ಆ ಬೀಗ ತೆಗೆಯುವ ಶಾಸ್ತ್ರ. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ತೆರೆಯಿತು. ಮಳೆಗಾಲವೆನ್ನದೆ ದೊಡ್ಡ ಹಡಗು ಒಳಬರುವಂತಾದುದು ಮಂಗಳೂರಿನ ಮಟ್ಟಿಗೆ ಆಮೇಲಿನ ಮಾತು.

ಈ ಕೊಲ್ಲಿಯಲ್ಲಿ ಋತುಗಳೇ ತಿರುವುಮುರುವು. ಮಳೆಗಾಲದ ಅಬ್ಬರದ ಅಲೆ ಹೊರ್ಮುಜಿನ ಒಳಗೆ ಬರುವುದಿಲ್ಲ. ಆದ್ದರಿಂದ ನಮ್ಮ ಮಂಜಿಗಳು ಚಪ್ಪರದಡಿ ಮಲಗಿದ್ದಾಗಲೇ ಅಬುಧಾಬಿ, ದುಬೈಗಳ ದೋಣಿಗಳು ಮುತ್ತಿನ ಬೇಟೆಗೆ ಹೊರಡುತ್ತಿದ್ದವು. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ನೀರು ಬೆಚ್ಚಗಿರುವ ನಾಲ್ಕು ತಿಂಗಳು, ದೊಡ್ಡ ಮುಳುಗಿನ ಹಂಗಾಮು. ಮುಳುಗುಗಾರರ ಕುಟುಂಬಗಳು ಆಗ ದಡದ ಬೇಗೆಯನ್ನು ಬಿಟ್ಟು ಖರ್ಜೂರ ಹಣ್ಣಾಗುವ ಲೀವಾ ಮುಂತಾದ ಓಯಸಿಸ್‌ಗಳಿಗೆ ಹೋಗುತ್ತಿದ್ದವು. ಗಂಡು ನೀರಿಗೆ, ಹೆಣ್ಣು ಮಕ್ಕಳು ಖರ್ಜೂರದ ತೋಟಕ್ಕೆ. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತು ಮಾರುಕಟ್ಟೆಯನ್ನು ತುಂಬಿ ಈ ಬದುಕನ್ನು ಮುರಿಯುವವರೆಗೂ ಹೀಗೇ ನಡೆಯಿತು.

ಆಗಸ್ಟಿನ ಕಡೆಯ ವಾರದಲ್ಲಿ ಬೆಳಗಿನ ಜಾವ ದಕ್ಷಿಣ ದಿಗಂತದಲ್ಲಿ ‘ಸುಹೈಲ್’ ನಕ್ಷತ್ರ ಕಾಣಿಸಿತೆಂದು ಇಲ್ಲಿಯವರು ಇಂದಿಗೂ ಸಂಭ್ರಮಿಸುತ್ತಾರೆ. ಬೇಸಿಗೆಯ ಬೆನ್ನು ಮುರಿಯಿತೆಂದು ಅದರ ಅರ್ಥ. ಆ ನಕ್ಷತ್ರ ನಮಗೆ ಅಪರಿಚಿತವಲ್ಲ. ಅದೇ ನಮ್ಮ ಅಗಸ್ತ್ಯ. ಅಗಸ್ತ್ಯೋದಯವಾದ ಮೇಲೆ ಕಲಕಿದ ನೀರು ತಿಳಿಯಾಗುತ್ತದೆಂಬ ನಂಬಿಕೆ ನಮ್ಮದು; ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಈ ಉದಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸಮುದ್ರವನ್ನು ಕುಡಿದ ಋಷಿಯ ಕಥೆಗೂ ಸಮುದ್ರವನ್ನು ತೆರೆಯುವ ನಕ್ಷತ್ರಕ್ಕೂ ಸಂಬಂಧವಿದೆಯೆಂದು ನಾನು ಸಾಧಿಸಹೊರಟಿಲ್ಲ. ಎರಡು ದಡಗಳವರು ಒಂದೇ ಚುಕ್ಕೆಯನ್ನು ನೋಡಿ ತಮ್ಮ ತಮ್ಮ ವರ್ಷವನ್ನು ತಿರುಗಿಸಿಕೊಂಡರು ಎಂಬುದಂತೂ ನಿಜ.

ಕೊಲ್ಲಿಯಿಂದ ಅಗಸ್ತ್ಯೋದಯದ ನಂತರ ಹೊರಟ ಹಡಗು ಮುಂದಿನ ಮಳೆಗಾಲದೊಳಗೆ ಮರಳಿ ಮನೆ ಸೇರಬಹುದಾಗಿತ್ತು. ಕುದುರೆ, ಖರ್ಜೂರ ತಂದು ಕೆನರಾದ ಅಕ್ಕಿ, ಮೆಣಸು, ಮರ ಒಯ್ಯುವುದು ಒಂದೇ ವರ್ಷದ ಸುತ್ತು. ಮಸ್ಕತ್ತಿನವರು ಶತಮಾನಗಳ ಕಾಲ ಉಂಡದ್ದು ನಮ್ಮ ದಕ್ಷಿಣ ಕನ್ನಡದ ಅಕ್ಕಿಯನ್ನು. ಟಿಪ್ಪು ಸುಲ್ತಾನನು ಮಸ್ಕತ್ತಿನಲ್ಲಿ ತನ್ನ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದನು. ಒಂದು ವರ್ಷದ ಸುತ್ತಿಗೆ ಹೆಂಡತಿ ಮಕ್ಕಳನ್ನು ಹಡಗಿಗೆ ಹತ್ತಿಸುವ ಅಗತ್ಯವಿರಲಿಲ್ಲ. ಸುಮಾರು 1342ರಲ್ಲಿ ನಮ್ಮ ಕರಾವಳಿಯಲ್ಲಿ ಓಡಾಡಿದ ಇಬ್ನ್ ಬತೂತ ಹೊನ್ನಾವರದ ಬಗ್ಗೆ ಬರೆದದ್ದನ್ನು ಈ ಬೆಳಕಿನಲ್ಲಿ ಓದಬೇಕು. ಆ ಊರಿನವರಿಗೆ ಹೊಲಗದ್ದೆಯಿಲ್ಲ, ಸಮುದ್ರ ವ್ಯಾಪಾರವೇ ಜೀವನ ಎನ್ನುತ್ತಾನೆ. ಅಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಪಾಠಶಾಲೆಗಳನ್ನು ಕಂಡೆನೆಂದೂ ಹೀಗೆ ಬೇರೆಲ್ಲೂ ಕಂಡಿಲ್ಲವೆಂದೂ ಹೇಳುತ್ತಾನೆ. ಗಂಡಸರು ವರ್ಷದ ಮುಕ್ಕಾಲು ಪಾಲು ನೀರಿನ ಮೇಲಿರುವ ಊರಿನಲ್ಲಿ ಓದುಬರಹ ಬಲ್ಲ ಹೆಣ್ಣುಮಕ್ಕಳು ಮನೆತನವನ್ನು ನಡೆಸಿಕೊಂಡು ಹೋಗಿರಬೇಕೆಂದು ನನ್ನ ಊಹೆ. ಭಟ್ಕಳ, ಮುರ್ಡೇಶ್ವರ, ಕುಂದಾಪುರಗಳ ಎಷ್ಟೋ ಮನೆಗಳ ಸದ್ಯದ ಚಿತ್ರವೂ ಇದೇ ಅಲ್ಲವೇ? ಹಡಗಿನ ಬದಲು ವಿಮಾನ ಬಂದಿದೆ, ಅಷ್ಟೆ.

ಚೀನದ ಹಡಗುಗಳ ಸಂಗತಿ ಬೇರೆ. ದಕ್ಷಿಣ ಚೀನದಿಂದ ಮಲಬಾರಿಗೆ ಬರುವ ಹಡಗಿಗೆ ಒಂದು ಗಾಳಿ ಸಾಲದು. ಒಂದು ಋತುವಿನ ಗಾಳಿಯಲ್ಲಿ ಮಲಯ ದ್ವೀಪಗಳವರೆಗೆ, ಇನ್ನೊಂದರಲ್ಲಿ ಮುಂದಕ್ಕೆ. ಮಧ್ಯೆ ತಿಂಗಳುಗಟ್ಟಲೆ ಕಾಯುವಿಕೆ. ಹೋಗಿ ಬರಲು ಒಂದು ವರ್ಷವಲ್ಲ, ಎರಡು ವರ್ಷ ಹಿಡಿಯಬಹುದು. ಇಂಥ ಹಡಗಿನಲ್ಲಿ ಸಂಸಾರ ಏರಿದ್ದರಲ್ಲಿ ಆಶ್ಚರ್ಯವಿಲ್ಲ. ಕಲ್ಲಿಕೋಟೆಯಲ್ಲಿ 13 ಚೀನೀ ಹಡಗುಗಳನ್ನು ನೋಡಿದ ಇಬ್ನ್ ಬತೂತ ಅವುಗಳ ಒಳಗನ್ನು ಬೆರಗಿನಿಂದ ವರ್ಣಿಸುತ್ತಾನೆ. ಒಂದೊಂದಕ್ಕೂ ನಾಲ್ಕು ಅಟ್ಟಗಳು. ಕೋಣೆಗಳಿಗೆ ಬೀಗವುಂಟು, ಕೆಲವಕ್ಕೆ ಶೌಚಗೃಹವೂ ಉಂಟು. ಬಾಗಿಲು ಹಾಕಿಕೊಂಡು ಹೆಂಗಸರೊಂದಿಗೆ ಇರುವವನು ಮುಂದಿನ ಬಂದರಿನಲ್ಲಿ ಇಳಿಯುವವರೆಗೂ ಉಳಿದವರ ಕಣ್ಣಿಗೇ ಬೀಳದಿರಬಹುದು. ನಾವಿಕರು ತಮ್ಮ ಮಕ್ಕಳನ್ನು ಹಡಗಿನಲ್ಲಿಯೇ ಇರಿಸಿಕೊಂಡಿದ್ದರು. ಮರದ ತೊಟ್ಟಿಗಳಲ್ಲಿ ಸೊಪ್ಪು, ತರಕಾರಿ, ಶುಂಠಿ ಬೆಳೆಯುತ್ತಿದ್ದರು.

ವೈದ್ಯನಾಗಿ ನಾನು ಈ ಕೊನೆಯ ವಾಕ್ಯದಲ್ಲಿ ನಿಂತುಬಿಡುತ್ತೇನೆ. ಹಸಿ ಸೊಪ್ಪಿನ ಆ ತೊಟ್ಟಿ ಎಂಥ ಆಸ್ಪತ್ರೆ ಎಂಬುದನ್ನು ತಿಳಿಯಬೇಕಾದರೆ ನೂರೈವತ್ತು ವರ್ಷಗಳ ಅನಂತರ ಬಂದ ಗಾಮನ ಹಡಗುಗಳನ್ನು ನೋಡಬೇಕು. 1498ರ ಏಪ್ರಿಲ್ 24ರಂದು ಮಲಿಂದಿಯನ್ನು ಬಿಟ್ಟ ಆತ ಅನುಕೂಲ ಗಾಳಿಯಲ್ಲಿ 23 ದಿನಗಳಲ್ಲಿ ಸಮುದ್ರ ದಾಟಿ, ಮೇ 20ರ ಹೊತ್ತಿಗೆ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ಮರಳುವಾಗ ಗಾಳಿ ತಿರುಗುವವರೆಗೂ ಕಾಯುವ ವ್ಯವಧಾನ ಅವನಿಗಿರಲಿಲ್ಲ. ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಓರೆಮಾಡಿ ತಳ ಕೆರೆದು, ಅಕ್ಟೋಬರದ ಮೊದಲ ವಾರದಲ್ಲಿಯೇ ಹೊರಟುಬಿಟ್ಟ. ಒಮ್ಮೆ ಗಾಳಿಯಿಲ್ಲ, ಒಮ್ಮೆ ಎದುರುಗಾಳಿ. ಮುಂಚೆ 23 ದಿನ ಹಿಡಿದ ದಾರಿಗೆ ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಊದಿ ಹಲ್ಲನ್ನು ಮುಚ್ಚಿತು, ಕಾಲುಗಳು ಬಾತವು. ಮೂವತ್ತರಷ್ಟು ಜನ ಸತ್ತರು. 1499ರ ಜನವರಿಯಲ್ಲಿ ಆಫ್ರಿಕೆಯ ದಡ ಮುಟ್ಟಿದಾಗ ಮೂರು ಹಡಗು ನಡೆಸುವಷ್ಟು ಜನರಿಲ್ಲದೆ ಒಂದನ್ನು ಸುಟ್ಟುಹಾಕಬೇಕಾಯಿತು. ರೋಗದ ಹೆಸರು ಸ್ಕರ್ವಿ. ಕಾರಣ ಜೀವಸತ್ವ ‘ಸಿ’ ಇಲ್ಲದಿರುವುದು. ಹಸಿ ಹಣ್ಣು ಸೊಪ್ಪು ಒಂದಿಷ್ಟೂ ಇಲ್ಲದೆ ಎರಡು ಮೂರು ತಿಂಗಳು ಕಳೆದರೆ ಯಾರಿಗಾದರೂ ಬರುತ್ತದೆ. ಗಾಳಿ ತಿರುಗುವವರೆಗೆ ಕಾದಿದ್ದರೆ ಆ ಸಾವುಗಳಲ್ಲಿ ಬಹುಪಾಲು ಆಗುತ್ತಿರಲಿಲ್ಲ.

ಇನ್ನು ಲಂಗರಿನ ವಿಷಯ. ಚೀನದ ಹಡಗುಗಳು ‘ಚಳಿಗಾಲ’ ಕಳೆಯುವ ಊರೆಂದು ಇಬ್ನ್ ಬತೂತ ಹೆಸರಿಸುವುದು ಕಲ್ಲಿಕೋಟೆಯನ್ನಲ್ಲ, ಅದರ ಉತ್ತರಕ್ಕಿರುವ ಪಂತಲಾಯಿನಿಯನ್ನು. ಈಗಿನ ಕೊಯಿಲಾಂಡಿಯ ಪಕ್ಕದ ತಾಣ. 1498ರ ಮೇ ತಿಂಗಳಲ್ಲಿ ಗಾಮನ ಹಡಗುಗಳನ್ನೂ ಸ್ಥಳೀಯ ಚುಕ್ಕಾಣಿಗ ಒಯ್ದು ನಿಲ್ಲಿಸಿದ್ದು ಅಲ್ಲಿಯೇ. ಕಲ್ಲಿಕೋಟೆಯ ಎದುರಿನ ತಳ ಕಲ್ಲು, ಲಂಗರು ಕಚ್ಚುವುದಿಲ್ಲ ಎಂಬುದು ಕಾರಣ. ಮಲಬಾರ್ ತೀರದ ಕೆಲವೆಡೆ ಮಳೆಗಾಲದಲ್ಲಿ ಕೆಸರಿನ ದಿಬ್ಬಗಳು ತಲೆಯೆತ್ತುತ್ತವೆ. ಮಲಯಾಳಿಗಳು ‘ಚಾಕರ’ ಎನ್ನುತ್ತಾರೆ. ಮೊಸರಿನಂಥ ಆ ಕೆಸರು ಅಲೆಯ ಬಲವನ್ನು ಹೀರಿಕೊಳ್ಳುತ್ತದೆ. ಸುತ್ತ ಸಮುದ್ರ ಬೊಬ್ಬಿಡುತ್ತಿದ್ದರೂ ಆ ತುಂಡು ನೀರು ಎಣ್ಣೆ ಸುರಿದಂತೆ ಮಲಗಿರುತ್ತದೆ. ಕಣ್ಣಿಗೆ ಕಾಣುವ ಗೋಡೆಯಿಲ್ಲದ ಬಂದರು ಅದು.

ಅಂಥ ತಾಣ ಸಿಗದಿದ್ದರೆ ಏನಾದೀತೆಂಬುದಕ್ಕೆ ಸಾಕ್ಷಿ ಸ್ವತಃ ಇಬ್ನ್ ಬತೂತನೇ. ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಕ್ಕೆ ಹೊರಟಿದ್ದ ಆತ ಕಲ್ಲಿಕೋಟೆಯಲ್ಲಿ ಮೂರು ತಿಂಗಳು ಕಾದ. ತನ್ನ ಪರಿವಾರದ ಹೆಂಗಸರಿಗಾಗಿ ಪ್ರತ್ಯೇಕ ಕೋಣೆ ಬೇಕೆಂದ. ದೊಡ್ಡ ಹಡಗಿನ ಕೋಣೆಗಳೆಲ್ಲ ಚೀನೀ ವರ್ತಕರ ಪಾಲಾಗಿದ್ದವು, ಉಳಿದ ಒಂದಕ್ಕೆ ಶೌಚಗೃಹವಿರಲಿಲ್ಲ. ಆದ್ದರಿಂದ ಸಾಮಾನು ಸರಂಜಾಮು ಸಹಿತ ಪರಿವಾರವನ್ನು ಚಿಕ್ಕ ಹಡಗೊಂದಕ್ಕೆ ಬದಲಾಯಿಸಿ, ತಾನು ಶುಕ್ರವಾರದ ನಮಾಜಿಗೆಂದು ದಡದಲ್ಲಿ ಉಳಿದ. ಆಗ ಬಿರುಗಾಳಿ ಎದ್ದಿತು. ತೆರೆದ ನೀರಿನಲ್ಲಿ ಲಂಗರು ಹಾಕಿದ್ದ ದೊಡ್ಡ ಹಡಗು ದಡಕ್ಕಪ್ಪಳಿಸಿ ಒಡೆಯಿತು, ಅದರಲ್ಲಿದ್ದ ಅವನ ಜೊತೆಗಾರರು ಸತ್ತರು. ಚಿಕ್ಕ ಹಡಗಿನವರು ಹಾಯಿ ಬಿಚ್ಚಿಕೊಂಡು ಹೊರಟೇಹೋದರು. ಅದರಲ್ಲಿ ಗರ್ಭಿಣಿಯಾಗಿದ್ದ ಅವನ ದಾಸಿಯೊಬ್ಬಳಿದ್ದಳು. ಆಕೆ ಸತ್ತಳೆಂಬ ಸುದ್ದಿ ಅವನಿಗೆ ಮುಟ್ಟಿದ್ದು ತಿಂಗಳುಗಳ ಅನಂತರ. ಒಂದು ಜಮಖಾನೆ, ಹತ್ತು ದಿನಾರು, ಅವನ ಬಳಿ ಉಳಿದದ್ದು ಅಷ್ಟು. ಲೋಕಸಂಚಾರಿಯ ಕಷ್ಟವನ್ನು ಇತಿಹಾಸ ನೆನಪಿಟ್ಟಿದೆ. ಆ ಹೆಣ್ಣಿನ ಹೆಸರು ಕೂಡ ನಮಗೆ ಉಳಿದಿಲ್ಲ.

ಅಂಜದೀವದ ಇನ್ನೊಂದು ಕಥೆಯನ್ನು ಹೇಳಲೇಬೇಕು. ಹಡಗಿಗೆ ಕ್ಷೇಮವಾದ ತಾಣ ಮನುಷ್ಯರಿಗೂ ಕ್ಷೇಮವೆಂದು ತಿಳಿಯುವುದು ಎಷ್ಟು ಅಪಾಯಕರವೆಂಬುದಕ್ಕೆ ಅದಕ್ಕಿಂತ ಕ್ರೂರ ನಿದರ್ಶನ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಬಂದ ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ನಾಲ್ಕೈದು ನೂರು ಸೈನಿಕರೊಂದಿಗೆ ಬಂದ. ಕಾಗದಪತ್ರ ಸರಿಯಿಲ್ಲವೆಂದು ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಬೇರೆ ದಾರಿ ಕಾಣದೆ ಆ ದಂಡು ಅಂಜದೀವದಲ್ಲಿ ಇಳಿಯಿತು. ದ್ವೀಪದ ಮರೆಯಲ್ಲಿ ಹಡಗು ನಿಲ್ಲಲು ತಕ್ಕ ಸ್ಥಳವಿದೆ, ಸಿಹಿನೀರೂ ಇದೆ. ಇಲ್ಲದ್ದು ಸೂರು, ಪಥ್ಯವಾದ ಆಹಾರ. ಮಳೆಗಾಲ ಬಂತು, ಜ್ವರ ಬಂತು, ಅತಿಸಾರ ಬಂತು. 1664ರಲ್ಲಿ ಶಿಪ್‌ಮನ್ ಅಲ್ಲಿಯೇ ಸತ್ತ. 1665ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ ಕೊನೆಗೂ ಮುಂಬಯಿಯನ್ನು ಪಡೆದಾಗ ಅವನೊಡನೆ ಉಳಿದಿದ್ದವರು ನೂರರ ಆಸುಪಾಸು. ಯುದ್ಧವಿಲ್ಲದೆ, ಒಂದು ಗುಂಡೂ ಹಾರದೆ, ಉಳಿದವರೆಲ್ಲ ಕಾಯುವಿಕೆಯಲ್ಲಿಯೇ ತೀರಿಹೋದರು.

ಇದೆಲ್ಲ ಹಳೆಯ ಮಾತಾಯಿತು. ಇಂದು ಹಾಯಿದೋಣಿಯಲ್ಲಿ ಸಂಸಾರ ಮಾಡುವವರಿದ್ದಾರೆಯೇ ಎಂದು ಕೇಳಬಹುದು. ಇದ್ದಾರೆ. ಯುರೋಪ್, ಅಮೆರಿಕ, ಆಸ್ಟ್ರೇಲಿಯಗಳಿಂದ ಮನೆ ಮಾರಿಯೋ ಬಾಡಿಗೆಗೆ ಕೊಟ್ಟೋ ಹನ್ನೆರಡು–ಹದಿನಾಲ್ಕು ಮೀಟರಿನ ದೋಣಿಯಲ್ಲಿ ಗಂಡ, ಹೆಂಡತಿ, ಎರಡು ಮೂರು ಮಕ್ಕಳು ವರ್ಷಗಟ್ಟಲೆ ತಿರುಗುತ್ತಾರೆ. ಮಕ್ಕಳ ಪಾಠ ಅಂಚೆಯ ಮೂಲಕ, ಈಗ ಅಂತರಜಾಲದ ಮೂಲಕ. ಫ್ರಾನ್ಸಿನಲ್ಲಿ ಇದಕ್ಕೆಂದೇ ಸರಕಾರಿ ದೂರಶಿಕ್ಷಣ ಸಂಸ್ಥೆಯುಂಟು. ಬೇಸಿಗೆ ಕಳೆದು ಅಕ್ಟೋಬರ್ ಬಂದರೆ ಮೆಡಿಟರೇನಿಯನ್ ಸಮುದ್ರದಲ್ಲಿ ಬಿರುಗಾಳಿಯ ಸಾಲು. ಆಗ ಇವರೆಲ್ಲ ಆರು ತಿಂಗಳ ಲಂಗರು ಹುಡುಕುತ್ತಾರೆ: ಸಿಸಿಲಿಯ ಮರೀನಾ ದಿ ರಗೂಸಾ, ಕ್ರೀಟಿನ ಆಯಿಯೋಸ್ ನಿಕೊಲಾವೊಸ್, ತುರ್ಕಿಯ ಮಾರ್ಮರಿಸ್, ಟ್ಯುನೀಸಿಯದ ಮೊನಾಸ್ತೀರ್.

ಆ ಹುಡುಕಾಟದ ಲೆಕ್ಕಾಚಾರ ಸ್ವಾರಸ್ಯಕರವಾದುದು. ಅಡ್ಡಗಟ್ಟೆ ಯಾವ ದಿಕ್ಕಿಗಿದೆ ಎಂಬುದಕ್ಕಿಂತ, ಕೆಟ್ಟ ಗಾಳಿ ಬೀಸುವ ದಿಕ್ಕಿನಿಂದ ಉಬ್ಬು ಸುತ್ತಿ ಬಳಸಿ ಒಳಗೆ ಬರುತ್ತದೆಯೇ ಎಂಬುದು ಮುಖ್ಯ. ಬಂದರೆ ಹಗ್ಗಗಳು ಆರು ತಿಂಗಳು ಹಗಲೂ ರಾತ್ರಿ ಜಗ್ಗುತ್ತವೆ, ಮಕ್ಕಳಿಗೆ ನಿದ್ರೆಯಿಲ್ಲ. ವಿದ್ಯುತ್ತು, ನೀರು, ಬಿಸಿನೀರಿನ ಸ್ನಾನಗೃಹ, ನಡೆದು ಹೋಗಬಲ್ಲ ಅಂಗಡಿ ಇರಬೇಕು. ವಿಮಾ ಸಂಸ್ಥೆಯವರು ಒಪ್ಪುವ ಸ್ಥಳವಾಗಬೇಕು. ವೀಸಾ ಒಂದು ದೊಡ್ಡ ತೊಡಕು: ಷೆಂಗೆನ್ ದೇಶಗಳಲ್ಲಿ ಹೊರಗಿನವರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದಾದ್ದರಿಂದ, ಯುರೋಪಿನ ಪೌರತ್ವವಿಲ್ಲದ ಕುಟುಂಬಗಳು ತುರ್ಕಿಯತ್ತಲೋ ಟ್ಯುನೀಸಿಯದತ್ತಲೋ ಮುಖ ಮಾಡುತ್ತವೆ. ವೀಸಾದ ದಿನ ಎಣಿಸುವ ಸಂಕಟವನ್ನು ಈ ಸಭೆಗೆ ನಾನು ವಿವರಿಸಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ತಾಯಂದಿರು ಕೇಳುವ ಪ್ರಶ್ನೆ: ಬೇರೆ ಮಕ್ಕಳಿರುವ ದೋಣಿಗಳು ಅಲ್ಲಿ ಎಷ್ಟಿವೆ? ಇಂಥ ಬಂದರುಗಳಲ್ಲಿ ಬೆಳಿಗ್ಗೆ ರೇಡಿಯೋದಲ್ಲಿ ದೋಣಿಯವರ ಸಭೆಯೇ ನಡೆಯುತ್ತದೆ. ಹವೆ ಹೇಗಿದೆ, ಯಾರಿಗೆ ಜ್ವರ, ಯಾರ ಮನೆಯಲ್ಲಿ, ಅಂದರೆ ದೋಣಿಯಲ್ಲಿ, ಸಂಜೆ ಊಟ.

ನಮ್ಮ ಈ ದಡಕ್ಕೆ ಅಂಥ ಕುಟುಂಬಗಳು ಬರುವುದು ಕಡಿಮೆ. ಇಲ್ಲಿ ಚಳಿಗಾಲವೇ ಒಳ್ಳೆಯ ಋತು, ನಿಜ. ಆದರೆ ಆಗಲೇ ವಾಯವ್ಯದಿಂದ ಷಮಾಲ್ ಬೀಸುತ್ತದೆ. ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರವಾದ್ದರಿಂದ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಖೋರ್ ದುಬೈಗೆ ಬೆಲೆ ಬಂದದ್ದು ಈ ಗಾಳಿಯಿಂದ ಮರೆ ಕೊಡುವ ಕಾರಣಕ್ಕೆ. ಅದೂ ಹೂಳು ತುಂಬಿ ದೊಡ್ಡ ಹಡಗು ಒಳಗೆ ಬರಲಾರದ ಸ್ಥಿತಿಯಲ್ಲಿತ್ತು. ಶೇಖ್ ರಾಶಿದ್ ಅವರು ಸಾಲ ಮಾಡಿ ಹೂಳೆತ್ತಿಸಿದ್ದು 1961ರ ಹೊತ್ತಿಗೆ ಮುಗಿಯಿತು. ಮತ್ತೊಂದು ಕಾರಣ ಭಯ. 2009ರ ಏಪ್ರಿಲ್‌ನಲ್ಲಿ ಸೊಮಾಲಿಯದ ಕಡಲ್ಗಳ್ಳರು ಮೂರು ವರ್ಷದ ಮಗುವಿದ್ದ ಫ್ರೆಂಚ್ ದೋಣಿಯನ್ನು ಹಿಡಿದರು. ಬಿಡುಗಡೆಯ ಕಾರ್ಯಾಚರಣೆಯಲ್ಲಿ ತಂದೆ ಗುಂಡಿಗೆ ಬಲಿಯಾದ. 2011ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ತಂದೆ, ತಾಯಿ, ಮೂವರು ಮಕ್ಕಳ ಕುಟುಂಬ ಸೆರೆಯಾಗಿ ಸೆಪ್ಟೆಂಬರಿನವರೆಗೆ ಒತ್ತೆಯಲ್ಲಿತ್ತು. ಅವರೆಲ್ಲ ಗಾಳಿಯ ಕ್ಯಾಲೆಂಡರನ್ನು ಸರಿಯಾಗಿಯೇ ಓದಿದ್ದರು.

ಇನ್ನು ನನ್ನ ವೃತ್ತಿಯ ಭಾಗ. ಲಂಗರು ಹಾಕಿದ ದೋಣಿಯಲ್ಲಿ ಚಳಿಗಾಲ ಕಳೆಯುವ ಸಂಸಾರಕ್ಕೆ ಬಿರುಗಾಳಿಗಿಂತ ಹೆಚ್ಚಾಗಿ ನಾನು ಅಂಜುವುದು ಒಂದು ಅನಿಲಕ್ಕೆ. ಅದು ಹೀಗೆ ನಡೆಯುತ್ತದೆ. ಮಲಗಿದ ಪ್ರತಿಯೊಬ್ಬರ ಉಸಿರಿನಿಂದಲೂ ನೀರಿನ ಆವಿ ಹೊರಬೀಳುತ್ತದೆ. ಹೊರಗೆ ಚಳಿ, ಒಳಗೆ ಬಿಸಿ. ಆವಿ ಗೋಡೆಯ ಮೇಲೆ ಹನಿಯಾಗಿ ಹಾಸಿಗೆಯನ್ನು ತೋಯಿಸುತ್ತದೆ. ಥಂಡಿ ತಡೆಯಲು ಗಾಳಿಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚುತ್ತಾರೆ. ಅನಂತರ ಇದ್ದಿಲಿನ ಒಲೆಯನ್ನೋ ಎಣ್ಣೆಯ ಹೀಟರನ್ನೋ ಹಚ್ಚುತ್ತಾರೆ. ಗಾಳಿ ಸಾಲದ ಬೆಂಕಿ ಕಾರ್ಬನ್ ಮೋನಾಕ್ಸೈಡನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಅನಂತರ ತಲೆಸುತ್ತು, ವಾಕರಿಕೆ. ದೋಣಿಯಲ್ಲಿರುವವರು ಇದನ್ನು ಏನೆಂದುಕೊಳ್ಳುತ್ತಾರೆ? ಕಡಲಬೇನೆ ಎಂದುಕೊಂಡು ಮಲಗುತ್ತಾರೆ.

ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ನಾನು ರೆಸಿಡೆಂಟನಾಗಿದ್ದಾಗ ಒಂದು ಜನವರಿಯ ರಾತ್ರಿ ಹೀಗೆಯೇ ದೋಣಿವಾಸಿ ಕುಟುಂಬವೊಂದು ತುರ್ತು ವಿಭಾಗಕ್ಕೆ ಬಂತು. ತಂದೆ, ತಾಯಿ, ಇಬ್ಬರು ಮಕ್ಕಳು, ಎಲ್ಲರಿಗೂ ವಾಂತಿ. ಗಾಳಿಗೆ ದೋಣಿ ಅಲುಗುತ್ತಿತ್ತು, ಅದಕ್ಕೇ ಹೀಗೆ ಎಂದು ತಂದೆ ಹೇಳುತ್ತಿದ್ದ. ಅಲ್ಲಿದ್ದ ಹಿರಿಯ ದಾದಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮಲ್ಲಿ ನಾಯಿಯಿದೆಯೇ, ಅದು ಹೇಗಿದೆ?” ನಾಯಿ ಸಂಜೆಯಿಂದ ಎದ್ದಿರಲಿಲ್ಲ. ತಕ್ಷಣ ನಾಲ್ವರ ಮುಖಕ್ಕೂ ಆಮ್ಲಜನಕದ ಮುಖವಾಡ ಹಾಕಲಾಯಿತು, ರಕ್ತಪರೀಕ್ಷೆ ಅನುಮಾನವನ್ನು ಖಚಿತಪಡಿಸಿತು. ಎಲ್ಲರೂ ಗುಣವಾದರು. ಆ ದಾದಿಯ ಪ್ರಶ್ನೆಯಲ್ಲಿ ರೋಗನಿದಾನದ ಇಡೀ ಸೂತ್ರವಿದೆ. ಒಂದೇ ಕೋಣೆಯವರೆಲ್ಲ ಒಟ್ಟಿಗೆ ಕಾಯಿಲೆ ಬಿದ್ದರೆ, ಹೊರಗೆ ಬಂದಾಗ ಹಗುರವಾಗಿ ಒಳಗೆ ಹೋದಾಗ ಹೆಚ್ಚಾದರೆ, ಜ್ವರವಿಲ್ಲದಿದ್ದರೆ, ಅದು ಕಡಲಬೇನೆಯೂ ಅಲ್ಲ, ಫ್ಲೂ ಕೂಡ ಅಲ್ಲ. ಕಡಲಬೇನೆ ಎರಡು ವರ್ಷದೊಳಗಿನ ಕೂಸುಗಳಿಗೆ ಬರುವುದು ಅಪರೂಪ. ಕೂಸೂ ಮಂಕಾಗಿದ್ದರೆ ಎಚ್ಚರಾಗಬೇಕು. ಗರ್ಭಿಣಿಯ ವಿಷಯದಲ್ಲಂತೂ ಇಮ್ಮಡಿ ಎಚ್ಚರ: ಈ ಅನಿಲ ತಾಯಿಯ ರಕ್ತಕ್ಕಿಂತ ಭ್ರೂಣದ ರಕ್ತದಲ್ಲಿ ಹೆಚ್ಚು ಸೇರಿ ಹೆಚ್ಚು ಹೊತ್ತು ಉಳಿಯುತ್ತದೆ.

ನಮ್ಮಲ್ಲಿ ದೋಣಿವಾಸಿಗಳು ಯಾರೂ ಇಲ್ಲವಲ್ಲ ಎನ್ನಬೇಡಿ. ಡಿಸೆಂಬರ್–ಜನವರಿಯಲ್ಲಿ ನಮ್ಮ ಎಷ್ಟೋ ಕುಟುಂಬಗಳು ಮರಳುಗಾಡಿನಲ್ಲಿ ಡೇರೆ ಹಾಕಿ ರಾತ್ರಿ ಕಳೆಯುತ್ತವೆ. ಮಾಂಸ, ಜೋಳ ಸುಟ್ಟ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಬೆಚ್ಚಗಿರಲೆಂದು ಡೇರೆಯೊಳಗೆ ಎಳೆದುಕೊಂಡು ಜಿಪ್ಪು ಹಾಕಿ ಮಲಗುವುದನ್ನು ನಾನು ಕಂಡಿದ್ದೇನೆ. ಮನೆಗೆಲಸದವರು, ಕಾವಲುಗಾರರು ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿ ಬೆಳಿಗ್ಗೆ ಏಳದೆಹೋದ ಸುದ್ದಿ ಈ ದೇಶದ ಪತ್ರಿಕೆಗಳಲ್ಲಿ ಹಲವು ಚಳಿಗಾಲಗಳಲ್ಲಿ ಬಂದಿದೆ. ಕೆಂಪಗೆ ಹೊಳೆಯುವ, ಹೊಗೆಯಿಲ್ಲದ ಕೆಂಡವೇ ಹೆಚ್ಚು ಅಪಾಯಕರ, ಏಕೆಂದರೆ ಅದು ನಿರುಪದ್ರವಿಯಂತೆ ಕಾಣುತ್ತದೆ. ಡೇರೆಯ ಪಕ್ಕದಲ್ಲಿ ಜನರೇಟರ್ ಇಟ್ಟುಕೊಂಡರೂ ಫಲ ಅದೇ.

ಇನ್ನೊಂದು ಎಚ್ಚರಿಕೆ. ಈಗ ಎಲ್ಲರ ಮನೆಯಲ್ಲೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಈ ವಿಷದ ಮಟ್ಟಿಗೆ ಅದನ್ನು ನಂಬಬೇಡಿ. ಸಾಮಾನ್ಯ ಆಕ್ಸಿಮೀಟರ್ ಕಾರ್ಬನ್ ಮೋನಾಕ್ಸೈಡ್ ಹೊತ್ತ ರಕ್ತವನ್ನೂ ಆಮ್ಲಜನಕ ಹೊತ್ತ ರಕ್ತವೆಂದೇ ಓದುತ್ತದೆ. ಮನುಷ್ಯ ಪ್ರಜ್ಞೆ ತಪ್ಪುತ್ತಿದ್ದರೂ 98 ಎಂದು ತೋರಿಸಬಹುದು. ಬೆಂಕಿ ಇರುವೆಡೆ ಬೇಕಾದದ್ದು ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೋನಾಕ್ಸೈಡ್ ಅಲಾರಂ, ದೊಡ್ಡ ಖರ್ಚಿನದಲ್ಲ. ಮಲಗುವವರ ತಲೆಯ ಎತ್ತರದಲ್ಲಿ ತೂಗುಹಾಕಿದರೆ ಸಾಕು. ಯಾರಾದರೂ ಹೀಗೆ ಬಿದ್ದಿದ್ದರೆ ಮೊದಲು ಬಾಗಿಲು ತೆರೆದು ಅವರನ್ನು ಹೊರಗೆಳೆಯಿರಿ, ಆಮೇಲೆ 998ಕ್ಕೆ ಕರೆ ಮಾಡಿರಿ. ಒಳಗೆ ನಿಂತು ಫೋನು ಮಾಡಿದವರೂ ಬಿದ್ದ ಉದಾಹರಣೆಗಳಿವೆ. ಬರಿಯ ಗಾಳಿಯಲ್ಲಿ ಈ ವಿಷ ರಕ್ತದಿಂದ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆ. ಆದ್ದರಿಂದ “ಹೊರಗೆ ಬಂದ ಮೇಲೆ ಸರಿಯಾಯಿತು, ಆಸ್ಪತ್ರೆ ಏಕೆ” ಎನ್ನುವವರನ್ನೂ, ಮುಖ್ಯವಾಗಿ ಮಕ್ಕಳನ್ನೂ ಬಸುರಿಯರನ್ನೂ, ಕರೆದೊಯ್ಯಲೇಬೇಕು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.